ಲಾರ್ಡ್ ಕೆಲ್ವಿನ್: ಅಲುಗಾಡೋ ಹಡಗಿನಲ್ಲಿ ಅಲುಗಾಡದ ಸೂಜಿ

ಥರ್ಮೋಡೈನಮಿಕ್ಸ್ ಪೇಪರ್‌ನಲ್ಲಿ 273 ಕೂಡಿಸೋದನ್ನ ಮರೆತು ಮಾರ್ಕ್ಸ್ ಕಳೆದುಕೊಳ್ಳದ ಇಂಜಿನಿಯರಿಂಗ್ ವಿದ್ಯಾರ್ಥಿ ಸಿಗೋದು ಅಪರೂಪ. ಆ 273ರ ಹಿಂದೆ ಇರುವ ಹೆಸರು ಕೆಲ್ವಿನ್. ನಮ್ಮಲ್ಲಿ ಹೆಚ್ಚಿನವರಿಗೆ ಆತ ಒಂದು ಯೂನಿಟ್ ಅಷ್ಟೇ. ಗಡ್ಡದ ಪ್ರೊಫೆಸರ್ ಒಬ್ಬರು ಲ್ಯಾಬಿನಲ್ಲಿ ಕೂತು ತಾಪಮಾನ ಅಳೀತಿದ್ದರು ಅಂತ ಅಂದುಕೊಂಡು ಮುಂದಿನ ಚಾಪ್ಟರಿಗೆ ಹೋಗ್ತೀವಿ.

ಆದರೆ ಆ ಪ್ರೊಫೆಸರ್ ಜೀವನದ ದೊಡ್ಡ ಭಾಗವನ್ನು ಸಮುದ್ರದ ಮೇಲೆ ಕಳೆದರು. ಸ್ವಂತದ್ದೊಂದು ಹಾಯಿಹಡಗು ಇಟ್ಟುಕೊಂಡಿದ್ದರು. ಲ್ಯಾಬಿನ ಮೇಜಿನ ಮೇಲೆ ಚೆನ್ನಾಗಿ ಕೆಲಸ ಮಾಡುವ ಉಪಕರಣ ಹಡಗಿಗೆ ಹತ್ತಿದ ಕೂಡಲೇ ಯಾಕೆ ಸುಳ್ಳು ಹೇಳೋಕೆ ಶುರು ಮಾಡುತ್ತೆ ಎಂಬ ಒಂದೇ ಪ್ರಶ್ನೆ ಅವರನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಡಿತು. ಅದಕ್ಕೆ ಅವರು ಕಂಡುಕೊಂಡ ಉತ್ತರ ಉಪಕರಣದ ಒಳಗೆ ಇದ್ದದ್ದು ಅರ್ಧ ಮಾತ್ರ. ಇನ್ನರ್ಧ ಇದ್ದದ್ದು ಅದನ್ನು ಕೂರಿಸುವ ಪೀಠದಲ್ಲಿ. ಈ ಲೇಖನ ಆ ಪೀಠದ ಕಥೆ.

ಹತ್ತು ವರ್ಷಕ್ಕೇ ಯೂನಿವರ್ಸಿಟಿ

ವಿಲಿಯಂ ಥಾಮ್ಸನ್ ಹುಟ್ಟಿದ್ದು 1824ರ ಜೂನ್ 26ರಂದು, ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಅಪ್ಪ ಜೇಮ್ಸ್ ಥಾಮ್ಸನ್ ಗಣಿತದ ಮೇಷ್ಟ್ರು. ವಿಲಿಯಂಗೆ ಆರು ವರ್ಷ ಆಗುವ ಹೊತ್ತಿಗೆ ತಾಯಿ ತೀರಿಕೊಂಡರು. 1832ರಲ್ಲಿ ಅಪ್ಪನಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರೊಫೆಸರ್ ಹುದ್ದೆ ಸಿಕ್ಕಿತು, ಇಡೀ ಸಂಸಾರ ಅಲ್ಲಿಗೆ ಹೊರಟಿತು. ಮಕ್ಕಳಿಗೆ ಅಪ್ಪನೇ ಮನೆಯಲ್ಲಿ ಪಾಠ ಹೇಳಿದರು. ಪಾಠ ಎಷ್ಟು ಗಟ್ಟಿಯಾಗಿತ್ತು ಅಂದ್ರೆ, 1834ರಲ್ಲಿ ಹತ್ತನೇ ವಯಸ್ಸಿಗೇ ವಿಲಿಯಂ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿದ.

1841ರಲ್ಲಿ ಕೇಂಬ್ರಿಡ್ಜ್‌ಗೆ ಹೋದ. ಅಲ್ಲಿ ಓದಿನ ಜೊತೆಗೆ ಹಿಡಿದ ಇನ್ನೊಂದು ಹುಚ್ಚು ದೋಣಿ. ಒಬ್ಬನೇ ಕೂತು ಹುಟ್ಟುಹಾಕುವ ರೇಸಿನಲ್ಲಿ 1843ರಲ್ಲಿ ಬಹುಮಾನವನ್ನೂ ಗೆದ್ದ. ನೀರಿನ ನಂಟು ಶುರುವಾದದ್ದು ಅಲ್ಲಿಂದಲೇ ಅನ್ನಬಹುದು. 1845ರ ಗಣಿತದ ಅಂತಿಮ ಪರೀಕ್ಷೆಯಲ್ಲಿ ಎಲ್ಲರೂ ಮೊದಲ ಸ್ಥಾನ ಅಂತ ನಿರೀಕ್ಷಿಸಿದ್ದರು, ಬಂದದ್ದು ಎರಡನೇ ಸ್ಥಾನ. ಮರುವರ್ಷವೇ, ಇಪ್ಪತ್ತೆರಡನೇ ವಯಸ್ಸಿಗೆ, ಗ್ಲಾಸ್ಗೋದಲ್ಲಿ ಭೌತವಿಜ್ಞಾನದ ಪ್ರೊಫೆಸರ್ ಆದರು. ಮುಂದೆ 53 ವರ್ಷ ಆ ಕುರ್ಚಿ ಬಿಟ್ಟು ಏಳಲಿಲ್ಲ. 1848ರಲ್ಲಿ ಪರಮ ತಾಪಮಾನದ ಮಾಪಕವನ್ನು ಮಂಡಿಸಿದರು. ನಮ್ಮ ಪುಸ್ತಕಗಳು ಅಲ್ಲಿಗೆ ನಿಲ್ಲಿಸಿಬಿಡುತ್ತವೆ, ಆಗ ಥಾಮ್ಸನ್‌ಗೆ ವಯಸ್ಸು ಬರೀ ಇಪ್ಪತ್ತನಾಲ್ಕು.

ಸಮುದ್ರದ ತಳದಲ್ಲಿ ಒಂದು ತಂತಿ

1850ರ ದಶಕದಲ್ಲಿ ಐರ್ಲೆಂಡಿನಿಂದ ಅಮೆರಿಕ ಖಂಡದ ನ್ಯೂಫೌಂಡ್‌ಲ್ಯಾಂಡ್‌ವರೆಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಟೆಲಿಗ್ರಾಫ್ ಕೇಬಲ್ ಹಾಕುವ ಸಾಹಸ ಶುರುವಾಯಿತು. ಥಾಮ್ಸನ್ ಆ ಕಂಪನಿಯ ನಿರ್ದೇಶಕರಲ್ಲಿ ಒಬ್ಬರಾದರು. ಅಷ್ಟು ಉದ್ದದ ಕೇಬಲ್ಲಿನಲ್ಲಿ ಸಂಕೇತ ತಡವಾಗುತ್ತೆ, ಆ ತಡ ಉದ್ದದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತೆ ಅಂತ ಅವರು ಮೊದಲೇ ಲೆಕ್ಕ ಹಾಕಿ ತೋರಿಸಿದ್ದರು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಕೇಬಲ್ಲಿನ ರೆಸಿಸ್ಟೆನ್ಸ್ ಉದ್ದದ ಜೊತೆ ಬೆಳೆಯುತ್ತೆ, ಕೆಪಾಸಿಟೆನ್ಸ್ ಕೂಡ ಬೆಳೆಯುತ್ತೆ, ಎರಡರ ಗುಣಲಬ್ಧ ಉದ್ದದ ವರ್ಗದಷ್ಟಾಗುತ್ತೆ. ಹಾಗಾಗಿ ಆಚೆ ತುದಿಗೆ ಬರುವ ಕರೆಂಟ್ ಬಹಳ ಕ್ಷೀಣ, ನಿಧಾನ. ಅದನ್ನು ಹಿಡಿಯೋಕೆ ಅತಿ ಸೂಕ್ಷ್ಮ ಉಪಕರಣ ಬೇಕು.

ಅದಕ್ಕೆ ಅವರು ಮಾಡಿದ್ದು ಮಿರರ್ ಗ್ಯಾಲ್ವನೋಮೀಟರ್. ಪುಟ್ಟ ಕನ್ನಡಿ, ಅದರ ಬೆನ್ನಿಗೆ ಅಂಟಿಸಿದ ಗಡಿಯಾರದ ಸ್ಪ್ರಿಂಗಿನ ಚೂರುಗಳಂಥ ಆಯಸ್ಕಾಂತಗಳು. ಎಲ್ಲ ಸೇರಿ ಕೆಲವೇ ಅಕ್ಕಿಕಾಳಿನ ತೂಕ. ಇದನ್ನು ರೇಷ್ಮೆ ಎಳೆಯಲ್ಲಿ ತಂತಿಸುರುಳಿಯ ನಡುವೆ ನೇತುಹಾಕಿದರು. ಕರೆಂಟ್ ಬಂದರೆ ಕನ್ನಡಿ ಕೂದಲೆಳೆಯಷ್ಟು ತಿರುಗುತ್ತೆ, ಅದರ ಮೇಲೆ ಬಿದ್ದ ದೀಪದ ಬೆಳಕು ದೂರದ ಸ್ಕೇಲಿನ ಮೇಲೆ ದೊಡ್ಡದಾಗಿ ಓಡುತ್ತೆ. ತೂಕವಿಲ್ಲದ ಬೆಳಕನ್ನೇ ಸೂಚಕ ಮುಳ್ಳಾಗಿ ಮಾಡಿಕೊಂಡ ಉಪಾಯ ಇದು.

ಲ್ಯಾಬಿನಲ್ಲಿ ಇದು ಸೊಗಸು. ಆದರೆ ಕೇಬಲ್ ಹಾಕುತ್ತಿರುವಾಗ ಪ್ರತಿ ಕ್ಷಣವೂ ಅದನ್ನು ಪರೀಕ್ಷಿಸುತ್ತಿರಬೇಕು, ಅಂದ್ರೆ ಉಪಕರಣ ಹಡಗಿನ ಮೇಲೇ ಇರಬೇಕು. 1858ರ ಜೂನ್‌ನಲ್ಲಿ ಥಾಮ್ಸನ್ ಇದ್ದ ಅಗಮೆಮ್ನಾನ್ ಹಡಗು ಕೇಬಲ್ ಹೊತ್ತುಕೊಂಡು ಹೋಗುವಾಗ ಭಾರಿ ಬಿರುಗಾಳಿಗೆ ಸಿಕ್ಕಿತು. ಒಂದು ವಾರಕ್ಕೂ ಮೀರಿ ಹಡಗು ಮಗುಚುವ ಹಾಗೆ ಹೊಯ್ದಾಡಿತು. ಇಂಥ ಕಡೆ ರೇಷ್ಮೆ ಎಳೆಯಲ್ಲಿ ನೇತಾಡುವ ಕನ್ನಡಿಯ ಗತಿ ಏನಾಗಬೇಕು? ಹಡಗು ವಾಲಿದರೆ ಅದೂ ತೂಗುತ್ತೆ, ಹಡಗು ತಿರುಗಿದರೆ ಭೂಮಿಯ ಕಾಂತಕ್ಷೇತ್ರ ಅದನ್ನು ಎಳೆಯುತ್ತೆ, ಪಕ್ಕದಲ್ಲಿರುವ ಕಬ್ಬಿಣ ಇನ್ನೊಂದು ಕಡೆ ಎಳೆಯುತ್ತೆ.

ಥಾಮ್ಸನ್ ಹಡಗಿಗೆಂದೇ ಬೇರೆ ಗ್ಯಾಲ್ವನೋಮೀಟರ್ ರೂಪಿಸಿದರು. ಒಳಗಿನ ತತ್ತ್ವ ಅದೇ, ಬದಲಾದದ್ದು ಹಿಡಿದಿಡುವ ರೀತಿ. ಎಳೆಯನ್ನು ಮೇಲಿನಿಂದ ಸುಮ್ಮನೆ ಇಳಿಬಿಡುವ ಬದಲು ಮೇಲೆ ಕೆಳಗೆ ಎರಡೂ ತುದಿಗೆ ಬಿಗಿಯಾಗಿ ಕಟ್ಟಿದರು. ಆ ಎಳೆ ಕನ್ನಡಿ ಮತ್ತು ಆಯಸ್ಕಾಂತದ ಗುರುತ್ವಕೇಂದ್ರದ ಮೂಲಕವೇ ಹಾಯುವಂತೆ ಮಾಡಿದರು, ಹಾಗಾಗಿ ಹಡಗು ಎತ್ತ ವಾಲಿದರೂ ಕನ್ನಡಿಯನ್ನು ತಿರುಗಿಸುವ ಟಾರ್ಕ್ ಹುಟ್ಟಲಿಲ್ಲ. ಇಡೀ ಉಪಕರಣವನ್ನು ದಪ್ಪ ಕಬ್ಬಿಣದ ಪೆಟ್ಟಿಗೆಯೊಳಗೆ ಕೂರಿಸಿದರು, ಹೊರಗಿನ ಕಾಂತಕ್ಷೇತ್ರ ಒಳಗೆ ಬರದಂತೆ. ಮ್ಯಾಗ್ನೆಟಿಕ್ ಶೀಲ್ಡಿಂಗ್ ಅಂತ ನಾವು ಇವತ್ತು ಓದೋದು ಇದನ್ನೇ.

1858ರ ಆಗಸ್ಟ್‌ನಲ್ಲಿ ಕೇಬಲ್ ದಡ ಸೇರಿತು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷರಿಗೆ ಕಳಿಸಿದ 98 ಪದಗಳ ಸಂದೇಶ ತಲುಪೋಕೆ 16 ಗಂಟೆ ಹಿಡಿಯಿತು. ಕಂಪನಿಯ ಎಲೆಕ್ಟ್ರಿಷಿಯನ್ ವೈಟ್‌ಹೌಸ್‌ಗೆ ಸೂಕ್ಷ್ಮ ಉಪಕರಣದಲ್ಲಿ ನಂಬಿಕೆ ಇರಲಿಲ್ಲ, ಸುಮಾರು 2,000 ವೋಲ್ಟ್ ಹಾಕಿ ತಳ್ಳಿದರು. ಮೊದಲೇ ಸೊರಗಿದ್ದ ಕೇಬಲ್ ಕೆಲವೇ ವಾರಗಳಲ್ಲಿ ಸತ್ತುಹೋಯಿತು. 1865ರಲ್ಲಿ ಗ್ರೇಟ್ ಈಸ್ಟರ್ನ್ ಹಡಗಿನಿಂದ ಮತ್ತೆ ಹಾಕಿದ ಕೇಬಲ್ ನಡುಸಮುದ್ರದಲ್ಲಿ ತುಂಡಾಗಿ ಮುಳುಗಿತು. 1866ರ ಜುಲೈಯಲ್ಲಿ ಕೊನೆಗೂ ಕೆಲಸ ಆಯಿತು, ಆ ಮುಳುಗಿದ ಕೇಬಲ್ಲನ್ನೂ ಮೇಲೆತ್ತಿ ಜೋಡಿಸಿದರು. ಅದೇ ವರ್ಷ ಥಾಮ್ಸನ್ ಸರ್ ವಿಲಿಯಂ ಆದರು.

ಈ ಕೇಬಲ್ ಕಥೆಯಲ್ಲಿ ಇನ್ನೊಂದು ಘಟನೆ ನೆನಪಿಡಬೇಕು. 1858ರಲ್ಲಿ ಕೇಬಲ್ಲಿನ ಇನ್ನರ್ಧ ಹೊತ್ತಿದ್ದ ಅಮೆರಿಕದ ನಯಾಗರಾ ಹಡಗು ದಾರಿ ತಪ್ಪಿತು. ಕೇಬಲ್ಲಿಗೆ ಸುತ್ತಿದ್ದ ಕಬ್ಬಿಣದ ತಂತಿಯೇ ಹಡಗಿನ ದಿಕ್ಸೂಚಿಯನ್ನು ಎಳೆದು ಕೆಡಿಸಿತ್ತು. ಕೊನೆಗೆ ಇನ್ನೊಂದು ಹಡಗನ್ನು ಮುಂದೆ ಬಿಟ್ಟುಕೊಂಡು ಅದರ ಹಿಂದೆ ಸಾಗಬೇಕಾಯಿತು.

ಲಾಲಾ ರೂಖ್

1870ರಲ್ಲಿ ಥಾಮ್ಸನ್ ಅವರ ಹೆಂಡತಿ ಮಾರ್ಗರೆಟ್ ತೀರಿಕೊಂಡರು. ಮದುವೆಯಾದಾಗಿನಿಂದಲೂ ಆಕೆಗೆ ಆರೋಗ್ಯ ಸರಿಯಿರಲಿಲ್ಲ, ಹದಿನೆಂಟು ವರ್ಷ ಇವರು ಆರೈಕೆ ಮಾಡಿದ್ದರು. ಅದೇ ವರ್ಷ ಅವರು ಒಂದು ಹಾಯಿಹಡಗು ಕೊಂಡರು. 126 ಟನ್ನಿನ ಸ್ಕೂನರ್, ಹೆಸರು ಲಾಲಾ ರೂಖ್. ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ ಅನಿಸಿದರೆ ಆಶ್ಚರ್ಯವಿಲ್ಲ. ಐರಿಷ್ ಕವಿ ಥಾಮಸ್ ಮೂರ್ ಬರೆದ ಕಾವ್ಯದ ನಾಯಕಿ ಆಕೆ, ಕಥೆಯಲ್ಲಿ ಔರಂಗಜೇಬನ ಮಗಳು.

ಹಣ ಬಂದದ್ದು ಟೆಲಿಗ್ರಾಫ್ ಪೇಟೆಂಟ್‌ಗಳಿಂದ. ಪ್ರೊಫೆಸರ್‌ಗೆ ರಜೆ ಸಿಕ್ಕರೆ ಸಾಕು, ವಾಸ ಹಡಗಿನಲ್ಲೇ. ಶ್ರೀಮಂತರು ಇಂಥ ಹಡಗನ್ನು ಷೋಕಿಗೆ ಇಟ್ಟುಕೊಳ್ಳುತ್ತಿದ್ದ ಕಾಲ ಅದು. ಇವರಿಗೆ ಅದು ಅಲುಗಾಡುವ ಲ್ಯಾಬ್ ಆಯಿತು. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1871ರಲ್ಲಿ ಅತಿಥಿಯಾಗಿ ಬಂದಾಗ ಇಬ್ಬರೂ ಡೆಕ್ಕಿನ ಮೇಲೆ ಕೂತು ನೀರಿನ ಅಲೆಗಳ ಲೆಕ್ಕದಲ್ಲಿ ಮುಳುಗಿದ್ದರು.

1872ರಲ್ಲಿ ಈ ಹಡಗಿನಿಂದಲೇ ಬಿಸ್ಕೆ ಕೊಲ್ಲಿಯಲ್ಲಿ ಸಮುದ್ರದ ಆಳ ಅಳೆದರು. ಆವರೆಗೆ ಆಳ ಅಳೆಯೋಕೆ ದಪ್ಪ ಹಗ್ಗ ಬಿಡುತ್ತಿದ್ದರು. ಹಗ್ಗಕ್ಕೆ ನೀರಿನ ಎಳೆತ ಜಾಸ್ತಿ, ಇಳಿಸಿ ಎತ್ತೋಕೆ ಗಂಟೆಗಟ್ಟಲೆ ಬೇಕು, ತಳ ಮುಟ್ಟಿತೋ ಇಲ್ಲವೋ ಕೂಡ ಸರಿಯಾಗಿ ತಿಳಿಯುತ್ತಿರಲಿಲ್ಲ. ಥಾಮ್ಸನ್ ಪಿಯಾನೋ ವಾದ್ಯದ ಉಕ್ಕಿನ ತಂತಿ ಬಿಟ್ಟರು. ಸಣ್ಣ ತಂತಿ, ಗಟ್ಟಿ ತಂತಿ, ನೀರಿಗೆ ತಡೆಯೇ ಇಲ್ಲ. 2,700 ಫ್ಯಾದಮ್ ಆಳದಲ್ಲಿ ತಳ ಸಿಕ್ಕಿತು. ಫ್ಯಾದಮ್ ಅಂದ್ರೆ ಹೆಚ್ಚುಕಡಿಮೆ ನಮ್ಮ ಒಂದು ಮಾರು, ಒಟ್ಟು ಸುಮಾರು ಐದು ಕಿಲೋಮೀಟರ್. ಮುಂದೆ ಇದಕ್ಕೇ ಒಂದು ಗಾಜಿನ ನಳಿಗೆ ಸೇರಿಸಿ, ಹಡಗು ನಿಲ್ಲಿಸದೆಯೇ ಆಳ ಅಳೆಯುವ ಯಂತ್ರ ಮಾಡಿದರು. ಮಂಜು ಕವಿದಾಗ ದಡಕ್ಕೆ ಬಡಿಯದೆ ಬದುಕಲು ನಾವಿಕನಿಗೆ ಇದು ದೊಡ್ಡ ಆಸರೆಯಾಯಿತು.

ಇದೇ ಸುಮಾರಿಗೆ ಉಬ್ಬರವಿಳಿತವನ್ನು ಮುಂಚಿತವಾಗಿ ಲೆಕ್ಕ ಹಾಕುವ ಗಾಲಿ-ರಾಟೆಗಳ ಯಂತ್ರವನ್ನೂ ರೂಪಿಸಿದರು. ಅದೇ ತತ್ತ್ವದ ಮೇಲೆ ಎಡ್ವರ್ಡ್ ರಾಬರ್ಟ್ಸ್ ವಿನ್ಯಾಸ ಮಾಡಿದ ದೊಡ್ಡ ಯಂತ್ರವೊಂದು 1879ರಲ್ಲಿ ಭಾರತದ ಬಂದರುಗಳ ಉಬ್ಬರವಿಳಿತದ ಕೋಷ್ಟಕ ತಯಾರಿಸಲೆಂದೇ ಸಿದ್ಧವಾಯಿತು.

ಲಾಲಾ ರೂಖ್‌ಗೆ ಇನ್ನೊಂದು ಪಾತ್ರವೂ ಇತ್ತು. 1873ರಲ್ಲಿ ಕೇಬಲ್ ಹಡಗೊಂದರಲ್ಲಿ ಹೋಗುವಾಗ ಕೇಬಲ್ಲಿನ ತೊಂದರೆಯಿಂದ ಮಡೇರಾ ದ್ವೀಪದಲ್ಲಿ ಹದಿನಾರು ದಿನ ನಿಲ್ಲಬೇಕಾಯಿತು. ಅಲ್ಲಿ ಬ್ಲ್ಯಾಂಡಿ ಕುಟುಂಬದ ಹೆಣ್ಣುಮಕ್ಕಳಿಗೆ ದೀಪದ ಸಂಕೇತದಲ್ಲಿ ಮಾತಾಡೋದನ್ನ ಹೇಳಿಕೊಟ್ಟರಂತೆ. ಮುಂದಿನ ವರ್ಷ ತಮ್ಮ ಹಡಗಿನಲ್ಲೇ ಅಲ್ಲಿಗೆ ಹೋದರು. ಮದುವೆಯ ಪ್ರಸ್ತಾಪವನ್ನೂ ಹಡಗಿನಿಂದ ಸಂಕೇತದಲ್ಲೇ ಕಳಿಸಿದರು, ಉತ್ತರವೂ ಸಂಕೇತದಲ್ಲೇ ಬಂತು ಅಂತ ಒಂದು ಕಥೆ ಇದೆ. ಕಥೆ ಹೇಗೇ ಇರಲಿ, 1874ರ ಜೂನ್‌ನಲ್ಲಿ ಫ್ಯಾನಿ ಬ್ಲ್ಯಾಂಡಿ ಜೊತೆ ಮದುವೆ ಆದದ್ದು ನಿಜ.

ಕಬ್ಬಿಣದ ಹಡಗು, ದಾರಿತಪ್ಪಿದ ಸೂಜಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಥಾಮ್ಸನ್ ಒಂದು ಪತ್ರಿಕೆಗೆ ನಾವಿಕರ ದಿಕ್ಸೂಚಿಯ ಬಗ್ಗೆ ಸಾಮಾನ್ಯ ಓದುಗರಿಗೆಂದು ಲೇಖನ ಬರೆಯೋಕೆ ಒಪ್ಪಿಕೊಂಡರು. ಮೊದಲ ಕಂತು 1874ರಲ್ಲಿ ಬಂತು. ಎರಡನೆಯದು ಬಂದದ್ದು ಐದು ವರ್ಷದ ನಂತರ! ಬರೆಯಲು ಕೂತಾಗ ದಿಕ್ಸೂಚಿಯಲ್ಲಿ ಎಷ್ಟು ದೋಷ ಕಾಣಿಸಿತು ಅಂದ್ರೆ, ಅದನ್ನು ಸರಿಮಾಡದೆ ಮುಂದೆ ಬರೆಯಲು ಆಗಲಿಲ್ಲ. ನಮ್ಮ ಕ್ಲಬ್ಬಿನ ಸಂಪಾದಕರಿಗೆ ಕೊಡೋಕೆ ಇದಕ್ಕಿಂತ ಒಳ್ಳೆ ನೆಪ ಸಿಗಲಾರದು.

ದೋಷ ಏನು? ಮರದ ಹಡಗಿನ ಕಾಲದಲ್ಲಿ ದಿಕ್ಸೂಚಿ ಬಹುಮಟ್ಟಿಗೆ ಉತ್ತರವನ್ನೇ ತೋರಿಸುತ್ತಿತ್ತು. ಹಡಗುಗಳು ಕಬ್ಬಿಣದ್ದಾದ ಮೇಲೆ ಸೂಜಿಗೆ ಇಬ್ಬರು ಯಜಮಾನರಾದರು, ಒಂದು ಭೂಮಿ, ಇನ್ನೊಂದು ಹಡಗು. ಹಡಗು ಕಟ್ಟುವಾಗ ಅದು ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತೆ. ಸುತ್ತಿಗೆ ಏಟು ಬೀಳ್ತಾ ಇರುತ್ತೆ. ಆಗ ಭೂಮಿಯ ಕಾಂತಕ್ಷೇತ್ರ ಅದರ ಕಬ್ಬಿಣದಲ್ಲಿ ಕಾಯಂ ಆಗಿ ನೆಲೆಸಿಬಿಡುತ್ತೆ. ಇಡೀ ಹಡಗೇ ಒಂದು ಆಯಸ್ಕಾಂತ. ಇದು ಒಂದು ಬಗೆಯ ತಪ್ಪು. ಇನ್ನೊಂದು ಬಗೆ ಮೆದುಕಬ್ಬಿಣದ್ದು. ಅದರಲ್ಲಿ ಕಾಂತತ್ವ ನಿಲ್ಲೋದಿಲ್ಲ, ಹಡಗು ತಿರುಗಿದ ಹಾಗೆ ಬದಲಾಗ್ತಾ ಹೋಗುತ್ತೆ. ಮೂರನೆಯದು, ಗಾಳಿಗೆ ಹಡಗು ವಾಲಿದಾಗ ಮಾತ್ರ ಹುಟ್ಟುವ ತಪ್ಪು. ದಿಕ್ಸೂಚಿ ನಂಬಿ ಹೋದ ಹಡಗು ಬಂಡೆಗೆ ಬಡಿದರೆ ಹೋಗೋದು ನೂರಾರು ಜನರ ಪ್ರಾಣ.

ಖಗೋಳವಿಜ್ಞಾನಿ ಜಾರ್ಜ್ ಏರಿ 1838ರಲ್ಲೇ ರೇನ್‌ಬೋ ಎಂಬ ಕಬ್ಬಿಣದ ಹಡಗಿನ ಮೇಲೆ ಇದಕ್ಕೆ ದಾರಿ ತೋರಿಸಿದ್ದರು. ದಿಕ್ಸೂಚಿಯ ಹತ್ತಿರ ಆಯಸ್ಕಾಂತ ಮತ್ತು ಮೆದುಕಬ್ಬಿಣ ಇಟ್ಟು, ಹಡಗಿನ ಎಳೆತವನ್ನು ಎದುರು ಎಳೆತದಿಂದ ಕಳೆಯೋದು. ತತ್ತ್ವ ಸರಿ ಇತ್ತು. ಆದರೆ ಆಗಿನ ದಿಕ್ಸೂಚಿಯ ಸೂಜಿಗಳು ಉದ್ದ, ಬಲವಾದವು. ಅವುಗಳ ಪ್ರಭಾವದಿಂದ ಪಕ್ಕದ ಮೆದುಕಬ್ಬಿಣವೇ ಆಯಸ್ಕಾಂತವಾಗಿ ಹೊಸ ತಪ್ಪು ಹುಟ್ಟಿಸುತ್ತಿತ್ತು. ಕಬ್ಬಿಣವನ್ನು ದೂರ ಇಡೋಣ ಅಂದ್ರೆ ಅದರ ಗಾತ್ರ ಅಸಾಧ್ಯ ಅನಿಸುವಷ್ಟು ದೊಡ್ಡದಾಗಬೇಕು. ಈ ಲೆಕ್ಕವನ್ನೆಲ್ಲ ವರ್ಷಗಟ್ಟಲೆ ಮಾಡಿದ್ದವರು ಥಾಮ್ಸನ್‌ರ ಗೆಳೆಯ, ಗಣಿತಜ್ಞ ಆರ್ಚಿಬಾಲ್ಡ್ ಸ್ಮಿತ್. 1872ರಲ್ಲಿ ಸ್ಮಿತ್ ತೀರಿಕೊಂಡಾಗ ಅವರ ಬಗ್ಗೆ ಸ್ಮರಣಲೇಖನ ಬರೆಯೋಕೆ ಕೂತ ಥಾಮ್ಸನ್‌ರ ತಲೆಗೆ ಆ ಸಮಸ್ಯೆ ಹೊಕ್ಕಿತು.

ಸೂಜಿ ಹಗುರ, ಪೀಠ ಜಾಣ

ಭಾರವಾದ, ಬಲವಾದ ಸೂಜಿ ಅಲುಗಾಡೋದಿಲ್ಲ ಎಂಬುದು ಆಗಿನ ನಂಬಿಕೆ. ಥಾಮ್ಸನ್ ಅದನ್ನು ತಲೆಕೆಳಗು ಮಾಡಿದರು. ಸೂಜಿ ಬಲವಾದಷ್ಟೂ ಅದರ ತೂಗಾಟ ಬೇಗ ಬೇಗ ಆಗುತ್ತೆ, ತೂಗಾಟದ ಅವಧಿ ಹಡಗಿನ ಹೊಯ್ದಾಟದ ಅವಧಿಗೆ ಹತ್ತಿರ ಬರುತ್ತೆ. ಬಂದರೆ ಏನಾಗುತ್ತೆ ಅಂತ ವೈಬ್ರೇಷನ್ಸ್ ಓದಿದವರಿಗೆ ಹೇಳಬೇಕಿಲ್ಲ, ರೆಸೊನೆನ್ಸ್. ಹಾಗಾಗಿ ಸೂಜಿಯ ಅವಧಿ ಹಡಗಿನ ಅವಧಿಗಿಂತ ತುಂಬಾ ಹೆಚ್ಚಿರಬೇಕು. ಅದಕ್ಕೆ ಆಯಸ್ಕಾಂತ ದುರ್ಬಲವಾಗಿರಬೇಕು, ತೂಕವೆಲ್ಲ ಅಂಚಿನಲ್ಲಿರಬೇಕು, ಒಟ್ಟು ತೂಕ ಮಾತ್ರ ತೀರಾ ಕಡಿಮೆ ಇರಬೇಕು. ಇಲ್ಲದಿದ್ದರೆ ಮೊಳೆಯ ತುದಿಯ ಘರ್ಷಣೆಯೇ ದುರ್ಬಲ ಸೂಜಿಯನ್ನು ಹಿಡಿದುಬಿಡುತ್ತೆ.

1876ರಲ್ಲಿ ಪೇಟೆಂಟ್ ಆದ ಅವರ ದಿಕ್ಸೂಚಿಯ ಬಿಲ್ಲೆ ಸೈಕಲ್ ಚಕ್ರದ ಹಾಗಿತ್ತು. ಹೊರಗೆ ತೆಳು ಅಲ್ಯೂಮಿನಿಯಂ ಬಳೆ, ಅಲ್ಲಿಂದ ನಡುವಿಗೆ ಕಡ್ಡಿಗಳ ಬದಲು ರೇಷ್ಮೆ ದಾರ. ಆ ದಾರಗಳಿಗೆ ಹಗ್ಗದ ಏಣಿಯ ಮೆಟ್ಟಿಲುಗಳಂತೆ ಕಟ್ಟಿದ ಎಂಟು ಗಿಡ್ಡ ಸೂಜಿಗಳು. ಹತ್ತು ಇಂಚು ಅಗಲದ ಬಿಲ್ಲೆಯ ತೂಕ ಸುಮಾರು 11 ಗ್ರಾಂ ಅಷ್ಟೇ. ನಡುವಿನಲ್ಲಿ ನೀಲಮಣಿಯ ಪುಟ್ಟ ಬಟ್ಟಲು, ಅದು ಕೂರೋದು ಇರಿಡಿಯಂ ತುದಿಯ ಮೇಲೆ.

ಸೂಜಿ ಗಿಡ್ಡವಾದದ್ದರಿಂದ ಪೀಠದ ಸಮಸ್ಯೆಯ ಬೀಗವೂ ತೆರೆಯಿತು. ಈಗ ಮೆದುಕಬ್ಬಿಣವನ್ನು ಹತ್ತಿರವೇ ಇಡಬಹುದು, ಅಂದ್ರೆ ಚಿಕ್ಕದಾಗಿಯೇ ಇಡಬಹುದು. ದಿಕ್ಸೂಚಿ ಕೂರುವ ಮರದ ಕಂಬಕ್ಕೆ ಬಿನಾಕಲ್ ಅನ್ನುತ್ತಾರೆ. ಅದುವರೆಗೆ ಅದು ಬರೀ ಸ್ಟ್ಯಾಂಡ್, ಸೊಂಟದೆತ್ತರಕ್ಕೆ ದಿಕ್ಸೂಚಿ ಹಿಡಿದುಕೊಳ್ಳೋದಷ್ಟೇ ಕೆಲಸ. ಥಾಮ್ಸನ್ ಅದನ್ನೇ ಉಪಕರಣ ಮಾಡಿದರು. ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ಗುಂಡು, ಮೆದುಕಬ್ಬಿಣದ ತಪ್ಪಿಗೆ. ಗುಂಡುಗಳನ್ನು ಹತ್ತಿರ ದೂರ ಸರಿಸಿ ಹೊಂದಿಸಬಹುದು. ಕಂಬದ ಹೊಟ್ಟೆಯೊಳಗೆ ಉದ್ದಕ್ಕೂ ಅಡ್ಡಕ್ಕೂ ಆಯಸ್ಕಾಂತದ ಕಡ್ಡಿಗಳು, ಹಡಗಿನ ಕಾಯಂ ಕಾಂತತ್ವಕ್ಕೆ. ನಟ್ಟನಡುವೆ ನೆಟ್ಟಗೆ ನಿಂತ ಇನ್ನೊಂದು ಆಯಸ್ಕಾಂತ, ಹಡಗು ವಾಲಿದಾಗಿನ ತಪ್ಪಿಗೆ. ಮುಂಭಾಗದಲ್ಲಿ ನೆಟ್ಟಗಿನ ಮೆದುಕಬ್ಬಿಣದ ಸರಳು, ಅದಕ್ಕೆ ಹಳೆಯ ನಾವಿಕ ಫ್ಲಿಂಡರ್ಸ್ ಹೆಸರು. ದಿಕ್ಸೂಚಿಯ ಬಟ್ಟಲನ್ನು ಎರಡು ದಿಕ್ಕಿಗೂ ತೂಗುವ ಗಿಂಬಲ್ ಬಳೆಯಲ್ಲಿ ಚಾಕುವಿನ ಅಲಗಿನಂಥ ಅಂಚುಗಳ ಮೇಲೆ ನೇತುಹಾಕಿದರು. ಬಟ್ಟಲ ತಳದಲ್ಲಿ ಹರಳೆಣ್ಣೆ ತುಂಬಿಸಿ ತೂಗಾಟ ತಾನಾಗಿ ಅಡಗುವಂತೆ ಮಾಡಿದರು. ಡ್ಯಾಂಪಿಂಗ್‌ಗೆ ಮನೆಮದ್ದು!

ಇದರ ಜಾಣತನ ಇರೋದು ಹೊಂದಿಸುವ ಸೌಲಭ್ಯದಲ್ಲಿ. ಯಾವ ಎರಡು ಹಡಗೂ ಒಂದೇ ಥರ ಇರೋದಿಲ್ಲ. ಕಾರ್ಖಾನೆಯಿಂದ ಬರುವ ಪೀಠ ಎಲ್ಲಕ್ಕೂ ಒಂದೇ, ಆದರೆ ಹಡಗಿಗೆ ಹತ್ತಿದ ಮೇಲೆ ಹಡಗನ್ನು ಒಂದು ಸುತ್ತು ತಿರುಗಿಸಿ, ಒಂದೊಂದು ದಿಕ್ಕಿನಲ್ಲೂ ಎಷ್ಟು ತಪ್ಪಿದೆ ನೋಡಿ, ಗುಂಡು ಸರಿಸಿ, ಕಡ್ಡಿ ಕೂಡಿಸಿ ಕಳೆದು ಆ ಹಡಗಿನದ್ದೇ ಪೀಠವಾಗಿ ಮಾಡಿಕೊಳ್ಳಬಹುದು. ಇದನ್ನೆಲ್ಲ ತಯಾರಿಸಿದ್ದು ಗ್ಲಾಸ್ಗೋದ ಉಪಕರಣ ತಯಾರಕ ಜೇಮ್ಸ್ ವೈಟ್ ಅವರ ಕಾರ್ಖಾನೆ. ಪರೀಕ್ಷೆಗೆ ಲಾಲಾ ರೂಖ್ ಇದ್ದೇ ಇತ್ತು.

ಒಪ್ಪಿಸೋಕೆ ಹದಿಮೂರು ವರ್ಷ

ಉಪಕರಣ ಮಾಡಿದ್ದು ಒಂದು ಕೆಲಸ, ಒಪ್ಪಿಸಿದ್ದು ಇನ್ನೊಂದು. ಏರಿ ಇದನ್ನು ನೋಡಿ ನಡೆಯೋದಿಲ್ಲ ಅಂತ ತಳ್ಳಿಹಾಕಿದರಂತೆ. ಖಾಸಗಿ ಹಡಗು ಕಂಪನಿಗಳು ಬೇಗ ಕೊಂಡವು, ಬ್ರಿಟಿಷ್ ನೌಕಾಪಡೆ ಮಾತ್ರ ಮೀನಮೇಷ ಎಣಿಸಿತು. ಇಷ್ಟು ನಾಜೂಕಿನ ರೇಷ್ಮೆ ದಾರ ಫಿರಂಗಿ ಏಟಿಗೆ ನಿಲ್ಲುತ್ತಾ ಎಂಬ ಅನುಮಾನ. 1882ರಲ್ಲಿ ಅಲೆಕ್ಸಾಂಡ್ರಿಯಾದ ಮೇಲೆ ದಾಳಿ ಮಾಡಿದ ಇನ್‌ಫ್ಲೆಕ್ಸಿಬಲ್ ಯುದ್ಧನೌಕೆಯಲ್ಲಿ ಈ ದಿಕ್ಸೂಚಿ ಇತ್ತು. ಅದರ ಕ್ಯಾಪ್ಟನ್ ಜಾನ್ ಫಿಶರ್, ದೊಡ್ಡ ಫಿರಂಗಿಗಳು ಸಿಡಿದಾಗಲೂ ಅದು ಕೆಲಸ ಮಾಡಿದ್ದನ್ನು ಕಂಡು ಇದರ ಪರವಾಗಿ ನಿಂತರು. ಆದರೂ ನೌಕಾಪಡೆ ಇದನ್ನು ತನ್ನ ಅಧಿಕೃತ ದಿಕ್ಸೂಚಿಯಾಗಿ ಒಪ್ಪಿಕೊಳ್ಳುವಾಗ 1889 ಆಗಿತ್ತು.

1892ರಲ್ಲಿ ಸರ್ಕಾರ ಅವರನ್ನು ಬ್ಯಾರನ್ ಮಾಡಿತು. ಗ್ಲಾಸ್ಗೋ ವಿಶ್ವವಿದ್ಯಾಲಯದ ಪಕ್ಕ ಹರಿಯುವ ಪುಟ್ಟ ಹೊಳೆ ಕೆಲ್ವಿನ್, ಆ ಹೆಸರನ್ನೇ ಆರಿಸಿಕೊಂಡರು. ನಮ್ಮ ತಾಪಮಾನದ ಯೂನಿಟ್ ಹೀಗೆ ಒಂದು ಹೊಳೆಯ ಹೆಸರು. 1899ರಲ್ಲಿ ನಿವೃತ್ತರಾದ ಕೂಡಲೇ ಅದೇ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿ ಮತ್ತೆ ಹೆಸರು ನೋಂದಾಯಿಸಿದರು, ಹತ್ತನೇ ವಯಸ್ಸಿನಲ್ಲಿ ಮಾಡಿದ ಹಾಗೆ. 1907ರ ಡಿಸೆಂಬರ್ 17ರಂದು ಸಮುದ್ರದ ಎದುರಿಗೇ ಇದ್ದ ಲಾರ್ಗ್ಸ್ ಊರಿನ ತಮ್ಮ ಮನೆಯಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನ್ಯೂಟನ್ ಸಮಾಧಿಯ ಹತ್ತಿರ ಅವರ ಸಮಾಧಿ ಇದೆ.

ಅವರು ಹೋಗುವ ಹೊತ್ತಿಗಾಗಲೇ ಅವರ ರೇಷ್ಮೆ ದಾರದ ದಿಕ್ಸೂಚಿಯ ಕಾಲ ಮುಗಿಯುತ್ತಾ ಬಂದಿತ್ತು. ವೇಗದ ಯುದ್ಧನೌಕೆಗಳ ಇಂಜಿನ್ ನಡುಕಕ್ಕೆ ಒಣ ಬಿಲ್ಲೆ ತಡೆಯಲಿಲ್ಲ. ಬಟ್ಟಲಿನಲ್ಲಿ ದ್ರವ ತುಂಬಿ ಅದರಲ್ಲಿ ಬಿಲ್ಲೆ ತೇಲಿಸುವ ದಿಕ್ಸೂಚಿ ಬಂದು ನೌಕಾಪಡೆಯಲ್ಲಿ ಇದರ ಜಾಗ ಹಿಡಿಯಿತು. ಕೆಲ್ವಿನ್ ಬಿಲ್ಲೆಯನ್ನು ಈಗ ನೋಡಬೇಕಂದ್ರೆ ಮ್ಯೂಸಿಯಂಗೆ ಹೋಗಬೇಕು.

ಆದರೆ ಪೀಠ ಉಳಿಯಿತು. ಹಡಗಿನ ಮ್ಯಾಗ್ನೆಟಿಕ್ ಕಂಪಾಸಿನ ಎರಡೂ ಪಕ್ಕ ಆ ಗುಂಡುಗಳು ಇವತ್ತಿಗೂ ಕಾಣಸಿಗುತ್ತವೆ, ನಾವಿಕರು ಅವನ್ನ ಕೆಲ್ವಿನ್ ಗುಂಡುಗಳು ಅಂತಲೇ ಕರೀತಾರೆ. ಡ್ರೋನ್ ಮಾಡುವ ಟೀಮಿನವರು ಕಂಪಾಸ್ ಮಾಡ್ಯೂಲನ್ನು ಮೋಟರ್, ಬ್ಯಾಟರಿ ತಂತಿಗಳಿಂದ ದೂರ ಒಂದು ಕಡ್ಡಿಯ ತುದಿಗೆ ಏರಿಸೋದನ್ನ ನೀವು ನೋಡಿರಬಹುದು. ಹಾರಿಸುವ ಮುಂಚೆ ಡ್ರೋನನ್ನು ಕೈಯಲ್ಲಿ ಹಿಡಿದು ಎಲ್ಲ ದಿಕ್ಕಿಗೂ ತಿರುಗಿಸ್ತಾರೆ. ಆಗ ಸಾಫ್ಟ್‌ವೇರ್ ಕಳೆಯೋದು ಎರಡು ತಪ್ಪುಗಳನ್ನ, ಒಂದರ ಹೆಸರು ಹಾರ್ಡ್ ಐರನ್, ಇನ್ನೊಂದರ ಹೆಸರು ಸಾಫ್ಟ್ ಐರನ್. ಡ್ರೋನ್ ಏನೂ ಕಬ್ಬಿಣದ ಹಡಗಲ್ಲ. ಆದರೂ ಆ ಹೆಸರುಗಳು ಹಡಗು ಕಟ್ಟೆಯಿಂದ ಬಂದವು. ಮೈದಾನದಲ್ಲಿ ನಮ್ಮ ಸ್ನೇಹಿತರು ಡ್ರೋನ್ ತಿರುಗಿಸುವಾಗ ಮಾಡ್ತಿರೋದು, ಕೆಲ್ವಿನ್ ಕಾಲದಲ್ಲಿ ಇಡೀ ಹಡಗನ್ನು ಬಂದರಿನಲ್ಲಿ ಒಂದು ಸುತ್ತು ತಿರುಗಿಸಿ ಗುಂಡು ಸರಿಸುತ್ತಿದ್ದರಲ್ಲ, ಅದೇ ಕೆಲಸ.